ವಿಮಾ ಕಂಪನಿ ಮುಗ್ಗರಿಸಿದರೆ ಪಾಲಿಸಿ ಗತಿ ಏನು?

ಮಳೆ ನಂಬಿ ರಾಗಿ, ಹುರುಳಿ ಬಿತ್ತುವ ನಮ್ಮ ಪೂರಿಗಾಲಿ ಕಡೆ ದುಡಿಯೋ ಆಳು ಹೋದರೆ ಮನೆಯೇ ಕುಸಿಯುತ್ತದೆ. ಅದಕ್ಕೇ ಫಸಲು ಮಾರಿದ ದುಡ್ಡಲ್ಲಿ ಜೀವವಿಮೆ ಕಂತು ಕಟ್ಟುತ್ತೇವೆ. ಆ ಕಂಪನಿಯೇ ಮುಗ್ಗರಿಸಿದರೆ? ಜಗಲಿ ಮೇಲೆ ಆಗಾಗ ಬರೋ ಪ್ರಶ್ನೆ ಇದು. ತಿಳಿದಷ್ಟು ಬರೆದಿದ್ದೇನೆ.

ಇದು ಹೊಸ ಸಂಗತಿಯಲ್ಲ. 1956ರ ಜನವರಿ 19ರಂದು ಕೇಂದ್ರ ಸರ್ಕಾರ 245 ಜೀವವಿಮಾ ಸಂಸ್ಥೆಗಳ ಆಡಳಿತ ವಹಿಸಿಕೊಂಡಿತು. ಕೆಲವು ಕಡೆ ಪಾಲಿಸಿದಾರರ ಹಣ ದುರುಪಯೋಗವಾಗಿತ್ತು. ಸೆಪ್ಟೆಂಬರ್ 1ಕ್ಕೆ ಎಲ್.ಐ.ಸಿ. ಹುಟ್ಟಿ, ಹಳೇ ಪಾಲಿಸಿಗಳ ಹೊಣೆ ಹೊತ್ತಿತು.

ಖಾಸಗಿ ಕಂಪನಿಗಳು ಮತ್ತೆ ಬಂದ ಮೇಲೆ ಕಾವಲು ಹೈದರಾಬಾದಿನ ವಿಮಾ ನಿಯಂತ್ರಣ ಪ್ರಾಧಿಕಾರದ್ದು. ಪಾಲಿಸಿದಾರರಿಗೆ ಧಕ್ಕೆ ಕಂಡರೆ 1938ರ ವಿಮಾ ಕಾಯ್ದೆಯ 52ಎ ಕಲಮಿನಂತೆ ಅದು ಆಡಳಿತಾಧಿಕಾರಿಯನ್ನು ಕೂರಿಸಬಹುದು. 2017ರ ಜೂನಿನಲ್ಲಿ ಸಹಾರಾ ಇಂಡಿಯಾ ಲೈಫ್ ಕಂಪನಿಗೆ ಹಾಗೇ ಆಯಿತು. 2023ರ ಜೂನಿನಲ್ಲಿ, ನಷ್ಟ ಏರುತ್ತಿದೆಯೆಂದು, ಸುಮಾರು 2 ಲಕ್ಷ ಪಾಲಿಸಿಗಳನ್ನು ಎಸ್.ಬಿ.ಐ. ಲೈಫ್‌ಗೆ ವಹಿಸಲು ಪ್ರಾಧಿಕಾರ ಆದೇಶಿಸಿತು. ಅದೇ ತಿಂಗಳು ಮೇಲ್ಮನವಿ ನ್ಯಾಯಮಂಡಳಿ ಅದಕ್ಕೆ ತಡೆ ಕೊಟ್ಟಿತು. ಅಂದರೆ ಆದೇಶ ಬಂದ ಕೂಡಲೆ ಎಲ್ಲ ಬಗೆಹರಿಯೋದಿಲ್ಲ.

ಬ್ಯಾಂಕಿಗೂ ವಿಮೆಗೂ ಒಂದು ಫರಕಿದೆ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತೆ ಮಾಡಿತು. ಆದರೂ ಬ್ಯಾಂಕ್ ಠೇವಣಿಗೆ 5 ಲಕ್ಷದವರೆಗೆ ವಿಮೆಯ ರಕ್ಷಣೆ ಉಂಟು. ಖಾಸಗಿ ಕಂಪನಿಗಳ ಜೀವವಿಮಾ ಪಾಲಿಸಿಗೆ ಅಂಥ ಖಾತರಿ ನಿಧಿ ಇಲ್ಲ. ಕಂಪನಿ ಕಾಪಿಟ್ಟ ಆಸ್ತಿ, ಪ್ರಾಧಿಕಾರದ ಕಾವಲು, ಬೇರೆ ಕಂಪನಿಗೆ ವರ್ಗಾವಣೆ, ಇವೇ ಆಸರೆ.

ಆದ್ದರಿಂದ ರೈತರು ಹೀಗೆ ಮಾಡಬೇಕು:

1. ಗಾಳಿಮಾತು ಕೇಳಿ ಕಂತು ನಿಲ್ಲಿಸಬೇಡಿ. ಪಾಲಿಸಿ ರದ್ದಾದ ಮೇಲೆ ಸಾವು ಬಂದರೆ ಮನೆಯವರಿಗೆ ಪೂರಾ ಹಣ ಸಿಗದು.

2. ಬಾಂಡು, ರಸೀತಿ, ನಾಮಿನಿ ಹೆಸರು ಸರಿಯಾಗಿ ಮಡಗಿ. ವಿಳಾಸ, ಫೋನ್ ನಂಬರು ಬದಲಾದರೆ ಬರೆದು ಕೊಡಿ. ಹೊಸ ಕಂಪನಿ ನಿಮ್ಮನ್ನು ಹುಡುಕೋದು ಅದರಿಂದಲೇ.

3. ಒಂದೇ ಹೆಸರಿನ ಎಲ್ಲ ಕಾಗದವೂ ವಿಮೆಯಲ್ಲ. ಸಹಾರಾ ಹೆಸರಿನ ಸಹಕಾರ ಸೊಸೈಟಿಗಳ ಠೇವಣಿದಾರರು 2023ರಿಂದ ಸಹಕಾರ ಸಂಘಗಳ ಕೇಂದ್ರ ರಿಜಿಸ್ಟ್ರಾರರ ಬೇರೆ ದಾರಿಯಲ್ಲಿ ಅರ್ಜಿ ಹಾಕಬೇಕಾಯಿತು.

4. ದೂರಿದ್ದರೆ ಮೊದಲು ಕಂಪನಿಗೆ ಬರೆಯಿರಿ. ತಿಂಗಳಾದರೂ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ.

ಕಂತು ಕಟ್ಟುವಷ್ಟೇ ಜತನ ಕಾಗದದ ಮೇಲೂ ಇರಲಿ.