ಹಳೆಯ ನೋವಿದ್ದರೂ ಭಾರ ಎತ್ತಬಹುದು, ಲೆಕ್ಕವಿಟ್ಟು

ಮಂಡಿ ನೋವೆಂದು ಹೋದರೆ ‘ಜಿಮ್ ಬಿಟ್ಟುಬಿಡಿ’ ಎನ್ನುವ ಡಾಕ್ಟರ್ ಒಂದು ಕಡೆ. ‘ನೋವಾಗದೆ ಮಸಲ್ ಎಲ್ಲಿಂದ ಬರುತ್ತೆ ಸರ್?’ ಎನ್ನುತ್ತ ಮತ್ತೊಂದು ಪ್ಲೇಟ್ ಸೇರಿಸುವ ಟ್ರೇನರ್ ಇನ್ನೊಂದು ಕಡೆ. ವರ್ಷಗಟ್ಟಲೆಯಿಂದ ಸೊಂಟವೋ ಭುಜವೋ ಕಾಡುತ್ತಿರುವವರು ಇವರಿಬ್ಬರ ನಡುವೆ ಸಿಕ್ಕಿ ಒದ್ದಾಡುತ್ತಾರೆ. ಕೆಲವರು ಕಸರತ್ತಿನ ಸಹವಾಸವೇ ಬೇಡವೆಂದು ಬಿಡುತ್ತಾರೆ, ಕೆಲವರು ಮಾತ್ರೆ ನುಂಗಿ ಮುಂದುವರಿಸುತ್ತಾರೆ. ಬಹಳಷ್ಟು ಮಂದಿ ಎರಡು ತಿಂಗಳು ಸುಮ್ಮನಿದ್ದು, ನೋವು ಇಳಿದ ಕೂಡಲೇ ನೇರ ಹಳೆಯ ತೂಕಕ್ಕೇ ಕೈಹಾಕಿ, ವಾರದೊಳಗೆ ಮತ್ತೆ ಹಾಸಿಗೆ ಹಿಡಿಯುತ್ತಾರೆ. ಈ ಕೊನೆಯವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಲ್ಲಿ ಛಲವಿದೆ, ಶಿಸ್ತಿದೆ. ಎಷ್ಟು ಎತ್ತಬೇಕು, ಯಾವಾಗ ಏರಿಸಬೇಕು ಎಂಬ ಲೆಕ್ಕವನ್ನು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ಆ ಲೆಕ್ಕ ಕಷ್ಟದ್ದೇನಲ್ಲ. ಮೂರು ತಿಂಗಳು ಮೀರಿಯೂ ಉಳಿದ ನೋವಿಗಷ್ಟೇ ಇದು ಅನ್ವಯ. ನಿನ್ನೆ ಮೊನ್ನೆ ಬಿದ್ದು ಊದಿಕೊಂಡ ಕಾಲಿಗೆ ಇಲ್ಲಿ ಹೇಳಿದ್ದನ್ನು ಮಾಡಬಾರದು.

ಮೊದಲು ಆಸ್ಪತ್ರೆಗೆ ಹೋಗಬೇಕಾದವರು

ಸೊಂಟ ನೋವಿನ ಜೊತೆ ತೊಡೆಸಂದಿನಲ್ಲಿ, ಗುದದ ಸುತ್ತ ಜೋಮು ಹಿಡಿದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕಾಲುಗಳಲ್ಲಿ ಶಕ್ತಿ ಕುಂದಿದರೆ ನಡುರಾತ್ರಿಯಾದರೂ ಸರಿ, ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಬೆನ್ನಿನ ಕೆಳತುದಿಯ ನರಗಳ ಕಂತೆ ಒತ್ತಡಕ್ಕೆ ಸಿಕ್ಕಿರುವ ಲಕ್ಷಣ ಅದು. ತಡವಾದರೆ ಹಾನಿ ಶಾಶ್ವತವಾಗಬಹುದು. ಜ್ವರ, ಕಾರಣವಿಲ್ಲದೆ ಇಳಿಯುವ ತೂಕ, ಯಾವ ಮಗ್ಗುಲಿಗೆ ಮಲಗಿದರೂ ಬಿಡದ ರಾತ್ರಿ ನೋವು, ‘ಟಕ್’ ಎಂದು ಸದ್ದಾಗಿ ಕಂದಿದ ಸ್ನಾಯು, ಇವಕ್ಕೂ ವೈದ್ಯರೇ ಬೇಕು. ಭಾರ ಎತ್ತುವಾಗ ಎದೆ ಬಿಗಿದು ನೋವು ಎಡಗೈಗೋ ದವಡೆಗೋ ಹರಿದರೆ ಅದನ್ನು ಸ್ನಾಯು ಹಿಡಿದಿದೆ ಎಂದುಕೊಂಡು ಮಾಲೀಶು ಮಾಡಿಸುತ್ತ ಕೂರಬಾರದು.

ಮಾಲೀಶು ಎಂದಾಗ ಒಂದು ಮಾತು. ಊರೂರಲ್ಲಿ ಉಳುಕು ತೆಗೆಯುವವರಿದ್ದಾರೆ, ಎಣ್ಣೆ ಹಚ್ಚಿ ಉಜ್ಜಿದರೆ ಹಿತವೂ ಆಗುತ್ತದೆ. ಉಜ್ಜಿಸಿಕೊಳ್ಳಿ. ಕುತ್ತಿಗೆಯನ್ನೋ ಸೊಂಟವನ್ನೋ ಲಟಕ್ಕನೆ ತಿರುಗಿಸಲು ಮಾತ್ರ ಬಿಡಬೇಡಿ. ಕೈಕಾಲಿನಲ್ಲಿ ಜೋಮು ಇರುವವರಂತೂ ಖಂಡಿತ ಬೇಡ.

ಎಂಆರ್‌ಐ ವರದಿ ಕೈಗೆ ಬಂದಾಗ

‘ಡಿಸ್ಕ್ ಸವೆದಿದೆ’, ‘ಡಿಸ್ಕ್ ಉಬ್ಬಿದೆ’ ಎಂಬ ಸಾಲು ಓದಿದ ಮೇಲೆ ಬಗ್ಗಿ ಚಪ್ಪಲಿ ತೆಗೆಯಲೂ ಹೆದರುವವರಿದ್ದಾರೆ. ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. 20 ವರ್ಷದವರಲ್ಲೇ ಶೇ 37 ಮಂದಿಗೆ ಡಿಸ್ಕ್ ಸವೆತ ಕಂಡಿತ್ತು, 80 ವರ್ಷದವರಲ್ಲಿ ಶೇ 96 ಮಂದಿಗೆ. ಉಬ್ಬಿದ ಡಿಸ್ಕ್ 20ರ ಹರೆಯದಲ್ಲಿ ಶೇ 30, 80ರಲ್ಲಿ ಶೇ 84. ತಲೆಗೂದಲು ನರೆಯುವ ಹಾಗೆ ಬೆನ್ನಿನೊಳಗೂ ವಯಸ್ಸು ಕಾಣಿಸಿಕೊಳ್ಳುತ್ತದೆ, ನೋವಿದ್ದರೂ ಇಲ್ಲದಿದ್ದರೂ.

ಹಾಗೆಂದು ವರದಿಯನ್ನು ಮೂಲೆಗೆಸೆಯಬೇಕಿಲ್ಲ. ಅದರಲ್ಲಿ ಕಂಡದ್ದು ನಿಮ್ಮ ನೋವಿನ ಜಾಗಕ್ಕೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಯಾವ ಕಸರತ್ತು ಬೇಡ, ಎಷ್ಟು ದಿನ ಬೇಡ ಎಂದೂ ಬಿಡಿಸಿ ಕೇಳಿ. ‘ಭಾರ ಎತ್ತಬೇಡಿ’ ಎಂಬ ಮಾತಿಗೆ ಗಡುವು ಇರದಿದ್ದರೆ ಜನ ಅದನ್ನು ಜೀವಮಾನವಿಡೀ ಪಾಲಿಸುತ್ತಾರೆ, ಮೈ ಇನ್ನಷ್ಟು ಸೊರಗುತ್ತದೆ. ಅಡುಗೆಮನೆಗೆ ಬರುವ ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕೆ.ಜಿ. ತೂಗುತ್ತದೆ. ಭಾರವನ್ನು ಮುಟ್ಟದೆ ಬದುಕುವ ಮನೆ ಯಾವುದಿದೆ?

ನೋವಿಗೆ ಅಂಕ, ಮೂರು ಹೊತ್ತು

ಸೊನ್ನೆಯಿಂದ ಹತ್ತರವರೆಗೆ ನಿಮ್ಮ ನೋವಿಗೆ ನೀವೇ ಅಂಕ ಕೊಡಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಊಹೆಗೆ ನಿಲುಕುವ ಅತಿ ಕೆಟ್ಟ ನೋವು. ಸ್ವೀಡನ್ನಿನ ಸಂಶೋಧಕ ರೋಲಂಡ್ ಥೋಮೆ 1997ರಲ್ಲಿ ಮಂಡಿನೋವಿನವರಿಗಾಗಿ ಪ್ರಕಟಿಸಿದ ಕ್ರಮದ ಪ್ರಕಾರ ಎರಡರವರೆಗೆ ನಿಶ್ಚಿಂತೆ, ಐದರವರೆಗೆ ಸಹ್ಯ, ಐದು ದಾಟಿದರೆ ಅಪಾಯ. ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ನೋಯುತ್ತಿದ್ದವರ ಮೇಲೂ ಸ್ವೀಡನ್ನಿನಲ್ಲೇ ಈ ಕ್ರಮದ ಪರೀಕ್ಷೆ ನಡೆಯಿತು. ವರದಿ ಬಂದದ್ದು 2007ರಲ್ಲಿ. ಒಂದು ಗುಂಪಿಗೆ ಆರು ವಾರ ಓಟ, ಜಿಗಿತ ಬಂದ್. ಇನ್ನೊಂದು ಗುಂಪು ಅಂಕ ನೋಡಿಕೊಂಡು ಓಡುತ್ತಲೇ ಇತ್ತು. ಹಿಮ್ಮಡಿಗೆ ಬಲ ತುಂಬುವ ಕಸರತ್ತು ಇಬ್ಬರಿಗೂ ಒಂದೇ. ಎರಡೂ ಗುಂಪಿನವರು ಒಂದೇ ಸಮ ಚೇತರಿಸಿಕೊಂಡರು. ಓಡಿದವರಿಗೆ ಓಟದಿಂದ ಕೆಡುಕಾಗಲಿಲ್ಲ.

ಸೊಂಟಕ್ಕೂ ಭುಜಕ್ಕೂ ಗೆರೆಯನ್ನು ಮೂರರಲ್ಲೇ ಎಳೆದುಕೊಳ್ಳಿ ಎನ್ನುವುದು ನನ್ನ ಸಲಹೆ. ರಾಡ್ ಹೆಗಲ ಮೇಲಿರುವಾಗ ಐದಕ್ಕೂ ಆರಕ್ಕೂ ಇರುವ ವ್ಯತ್ಯಾಸ ಅಳೆಯುವಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ಅಂಕವನ್ನು ಮೂರು ಹೊತ್ತು ಬರೆದಿಡಬೇಕು: ಸೆಟ್ ನಡೆಯುವಾಗ, ಅಂದು ರಾತ್ರಿ, ಮರುದಿನ ಬೆಳಗ್ಗೆ. ಮೂರರಲ್ಲಿ ನಂಬಬೇಕಾದದ್ದು ಮರುದಿನ ಬೆಳಗಿನ ಅಂಕವನ್ನು. ಬಿಸಿಯಾದ ಮೈ ಜಿಮ್‌ನಲ್ಲಿ ಎಷ್ಟೋ ನೋವನ್ನು ಮರೆಸುತ್ತದೆ, ಬೆಳಗ್ಗೆ ಅದೆಲ್ಲ ಹೊರಗೆ ಬರುತ್ತದೆ. ದಿನವೂ ಒಂದೇ ಕೆಲಸದಿಂದ ಪರೀಕ್ಷಿಸಿ. ಮಂಡಿ ನೋವಿನವರು ಮೆಟ್ಟಿಲು ಇಳಿದು ನೋಡಲಿ, ಸೊಂಟದವರು ಮುಖ ತೊಳೆಯಲು ಬೇಸಿನ್ನಿಗೆ ಬಗ್ಗಿದಾಗ ಗಮನಿಸಲಿ, ಭುಜದವರು ಅಂಗಿಯ ತೋಳಿಗೆ ಕೈ ತೂರಿಸುವಾಗ. ನಿಮ್ಮ ಎಂದಿನ ಬೆಳಗಿನ ಅಂಕ ಎರಡಿದ್ದು ಇವತ್ತೂ ಎರಡೇ ಇದ್ದರೆ ನಿನ್ನೆಯ ಭಾರ ಮೈಗೆ ಒಗ್ಗಿತು. ನಾಲ್ಕಾಗಿದ್ದರೆ ಜಾಸ್ತಿಯಾಯಿತು.

ಜೇಬಿಗೆ ಹಿಡಿಯುವ ನೋಟ್‌ಬುಕ್ಕಿನಲ್ಲಿ ಒಂದು ದಿನದ ಸಾಲು ಹೀಗಿರಲಿ: ‘ಸ್ಕ್ವಾಟ್, 40 ಕೆ.ಜಿ., 8 ರೆಪ್ಸ್, 3 ಸೆಟ್. ಆಗ 3, ರಾತ್ರಿ 3, ಬೆಳಗ್ಗೆ 2.’ ಬರೆಯಲು ಅರ್ಧ ನಿಮಿಷ ಸಾಕು. ಒಂದು ತಿಂಗಳ ಸಾಲುಗಳನ್ನು ತೋರಿಸಿದರೆ ಫಿಸಿಯೊಥೆರಪಿಸ್ಟ್‌ಗೂ ನಿಮ್ಮ ಮೈಯ ಸ್ವಭಾವ ತಿಳಿಯುತ್ತದೆ.

ಎಲ್ಲಿಂದ ಶುರು, ಹೇಗೆ ಏರಿಕೆ

ಬರೀ ರಾಡ್‌ನಿಂದ ಶುರು ಮಾಡಿ ಸ್ವಲ್ಪಸ್ವಲ್ಪವೇ ಏರಿಸುತ್ತ, ಅಂಕ ಮೂರು ಮುಟ್ಟುವ ತೂಕ ಯಾವುದೆಂದು ಕಂಡುಕೊಳ್ಳಿ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದೇ ನಿಮ್ಮ ಆರಂಭದ ತೂಕ. ಅದು ಹಳೆಯ ತೂಕದ ಅರ್ಧಕ್ಕೂ ಕಡಿಮೆ ಇರಬಹುದು, ಮನಸ್ಸಿಗೆ ಚುಚ್ಚಬಹುದು. ಇರಲಿ. ಜಿಮ್‌ನ ರಾಡ್ ಎಷ್ಟು ತೂಗುತ್ತದೆ ಎಂದು ಒಮ್ಮೆ ತೂಗಿ ನೋಡಿ; ಸ್ಪರ್ಧೆಯ ಗಂಡಸರ ರಾಡ್ 20 ಕೆ.ಜಿ., ಹೆಂಗಸರದು 15. ನಮ್ಮ ಬಡಾವಣೆಯ ಜಿಮ್‌ಗಳಲ್ಲಿ ಅದಕ್ಕಿಂತ ಹಗುರದವೂ ಇರುತ್ತವೆ.

ಪ್ರತಿ ಸೆಟ್ಟಿನಲ್ಲೂ ಇನ್ನೂ ಮೂರು ರೆಪ್ಸ್ ಆಗುತ್ತಿತ್ತು ಎನಿಸುವಾಗಲೇ ನಿಲ್ಲಿಸಿ. ಸತತ ಎರಡು ಸಲ ಬೆಳಗಿನ ಅಂಕ ಏರದಿದ್ದರೆ ಮುಂದಿನ ಸಲ ಒಂದನ್ನು ಮಾತ್ರ ಹೆಚ್ಚಿಸಿ: ತೂಕವನ್ನು ಅಥವಾ ರೆಪ್ಸ್ ಅನ್ನು. ಎರಡನ್ನೂ ಒಟ್ಟಿಗೆ ಏರಿಸಿದರೆ ನೋವು ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. 1.25 ಕೆ.ಜಿ. ಪ್ಲೇಟ್ ಒಂದು ಜೊತೆ ತರಿಸಿಕೊಡಿ ಎಂದು ಜಿಮ್‌ನವರನ್ನು ಕೇಳಿ. ಹಳೆಯ ನೋವಿರುವವರಿಗೆ ಆ ಪುಟ್ಟ ಪ್ಲೇಟಿನಷ್ಟು ಉಪಕಾರಿ ಸಾಮಾನು ಇನ್ನೊಂದಿಲ್ಲ.

ಅಂಕ ಏರಿತೆನ್ನಿ. ಎಲ್ಲ ಬಿಟ್ಟು ಮನೆಗೆ ಹೋಗುವ ಅಗತ್ಯವಿಲ್ಲ. ಮೊದಲು ತೂಕ ಇಳಿಸಿ. ಸಾಲದಿದ್ದರೆ ವೇಗ ಇಳಿಸಿ, ಮೂರು ಎಣಿಸುತ್ತ ಕೆಳಗಿಳಿದು ಮೂರು ಎಣಿಸುತ್ತ ಮೇಲೇಳಿ. ಕಡಿಮೆ ತೂಕದಲ್ಲೂ ಸ್ನಾಯು ಚೆನ್ನಾಗಿ ದಣಿಯುತ್ತದೆ. ಅದೂ ಆಗದಿದ್ದರೆ ಆಳ ಕಡಿಮೆ ಮಾಡಿ, ಆಮೇಲೆ ಹಿಡಿತ ಅಥವಾ ಕಾಲಿನ ಅಂತರ ಬದಲಿಸಿ. ಕಸರತ್ತನ್ನೇ ಬದಲಿಸುವುದು ಕೊನೆಯ ಹೆಜ್ಜೆ.

ಇದಕ್ಕೆಲ್ಲ ತಾಳ್ಮೆ ಬೇಕು. ವೇಟ್‌ಲಿಫ್ಟರ್ ಮೀರಾಬಾಯಿ ಚಾನು 2017ರಲ್ಲಿ ವಿಶ್ವ ಚಾಂಪಿಯನ್ ಆದರು, 2018ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ ಗೆದ್ದರು. ಅದೇ ವರ್ಷ ಸೊಂಟ ನೋವು ಹಿಡಿದು ಏಷ್ಯನ್ ಕ್ರೀಡಾಕೂಟಕ್ಕೆ ಹೋಗಲಾಗಲಿಲ್ಲ. ಭುಜ, ಬೆನ್ನಿನ ಕಾಟ ಬಿಡದೆ 2020ರಲ್ಲಿ ಅಮೆರಿಕಕ್ಕೆ ಹೋಗಿ ಫಿಸಿಯೊ ಆ್ಯರನ್ ಹೋರ್ಶಿಗ್ ಬಳಿ ಮೈಯ ಸಮತೋಲವನ್ನು ತಿದ್ದಿಕೊಂಡರು. 2021ರ ಏಪ್ರಿಲ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 119 ಕೆ.ಜಿ. ಎತ್ತಿ ವಿಶ್ವ ದಾಖಲೆ, ಜುಲೈನಲ್ಲಿ ಟೋಕಿಯೊ ಒಲಿಂಪಿಕ್ಸ್ ಬೆಳ್ಳಿ. ಸರ್ಕಾರ, ಕೋಚ್, ಫಿಸಿಯೊ ಎಲ್ಲರೂ ಬೆನ್ನಿಗಿದ್ದವರಿಗೇ ಇಷ್ಟು ವರ್ಷ ಹಿಡಿಯಿತು. ಕಚೇರಿ ಮುಗಿಸಿ ಜಿಮ್‌ಗೆ ಬರುವವರು ಎರಡೇ ವಾರದಲ್ಲಿ ಸರಿಹೋಗಬೇಕೆಂದು ತಮ್ಮನ್ನೇ ಹಳಿದುಕೊಳ್ಳುವುದು ನ್ಯಾಯವಲ್ಲ.

ಸೊಂಟ ನೋವಿನವರಿಗೆ

ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರು ಹೀರಿ ಉಬ್ಬುತ್ತವೆ. ಎದ್ದ ಹೊಸತರಲ್ಲಿ ಮುಂದಕ್ಕೆ ಬಗ್ಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹೆಚ್ಚು. ಐದೂವರೆಗೆ ಎದ್ದು ಐದೂ ಮುಕ್ಕಾಲಿಗೆ, ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟ್ ಮಾಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಎದ್ದು ಒಂದು ಗಂಟೆಯಾದರೂ ಓಡಾಡಿ, ಆಮೇಲೆ ಬಗ್ಗಿ ಎತ್ತುವ ಕಸರತ್ತಿಗೆ ಹೋಗಿ. ಸಮಯವಿಲ್ಲವೆಂದರೆ ಅಂದು ಎದೆ, ತೋಳಿನ ಸೆಟ್‌ಗಳನ್ನು ಮೊದಲು ಮುಗಿಸಿ.

ಇನ್ನೊಂದು ಸಂಗತಿಯನ್ನು ಬಹಳ ಟ್ರೇನರ್‌ಗಳು ಗಮನಿಸುವುದಿಲ್ಲ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 45 ಸೆಂ.ಮೀ., ಹಾಗಾಗಿ ರಾಡ್ ನೆಲದಿಂದ ಸುಮಾರು 22 ಸೆಂ.ಮೀ. ಮೇಲಿರುತ್ತದೆ. ನಮ್ಮ ಜಿಮ್‌ಗಳ 5, 10 ಕೆ.ಜಿ.ಯ ಕಬ್ಬಿಣದ ಪ್ಲೇಟ್‌ಗಳು ಅದಕ್ಕಿಂತ ಎಷ್ಟೋ ಚಿಕ್ಕವು. ಕಡಿಮೆ ತೂಕದಿಂದ ಶುರು ಮಾಡುವ ಸೊಂಟ ನೋವಿನವರೇ ಎಲ್ಲರಿಗಿಂತ ಹೆಚ್ಚು ಬಗ್ಗಿ ಎತ್ತಬೇಕಾಗುತ್ತದೆ! ರಾಡ್‌ನ ಎರಡೂ ಬದಿಯ ಪ್ಲೇಟ್‌ಗಳ ಕೆಳಗೆ ಸ್ಟೆಪ್ಪರ್ ಅಥವಾ ಅಡ್ಡಲಾಗಿ ಮಲಗಿಸಿದ ಪ್ಲೇಟ್‌ಗಳನ್ನು ಜೋಡಿಸಿ ರಾಡನ್ನು ಮೊಣಕಾಲಿನ ಕೆಳಗಂಚಿಗೆ ತನ್ನಿ. ಅಲ್ಲಿಂದ 6 ರೆಪ್ಸ್, 3 ಸೆಟ್. ಎರಡು ವಾರ ಬೆಳಗಿನ ಅಂಕ ನೆಟ್ಟಗಿದ್ದರೆ ಕೆಳಗಿನಿಂದ ಒಂದು ಪ್ಲೇಟ್ ತೆಗೆಯಿರಿ. ತೂಕ ಅಷ್ಟೇ ಇರಲಿ, ಎತ್ತರ ಮಾತ್ರ ಇಳಿಯಲಿ. ನೆಲ ಮುಟ್ಟಲು ಮೂರು ತಿಂಗಳಾದರೂ ನಷ್ಟವಿಲ್ಲ. ಕೆಲವರ ಸೊಂಟಕ್ಕೆ ನೆಲದಿಂದ ಎತ್ತುವುದು ಎಂದಿಗೂ ಒಗ್ಗುವುದಿಲ್ಲ. ಅವರು ಅಷ್ಟೆತ್ತರದಿಂದಲೇ ಎತ್ತಿ ಗಟ್ಟಿಯಾಗಲಿ.

ರಾಡ್ ಮೇಲೇಳುವ ಮುನ್ನ ಉಸಿರೆಳೆದು ಹೊಟ್ಟೆಯನ್ನು ಸುತ್ತಲೂ ಬಿಗಿ ಮಾಡಿ. ರಕ್ತದೊತ್ತಡ ಇರುವವರು ಉಸಿರು ಕಟ್ಟದೆ ಎತ್ತುವಾಗ ನಿಧಾನ ಬಿಡಬೇಕು. ಬೆಲ್ಟ್ ಹೊಟ್ಟೆಗೆ ಆನಿಕೆ ಕೊಡುತ್ತದೆ, ನೋವಿಗೆ ಮದ್ದಾಗುವುದಿಲ್ಲ. ಬೆಲ್ಟ್ ಇಲ್ಲದೆ ಅಂಕ ಐದು ಬರುವ ತೂಕವನ್ನು ಬೆಲ್ಟ್ ಕಟ್ಟಿ ಎತ್ತಬೇಡಿ.

ಮಂಡಿ, ಭುಜ

ಮಂಡಿ ಚಿಪ್ಪಿನ ಕೆಳಗೆ ಬೆರಳಿಟ್ಟರೆ ನೋಯುವವರು ಅಲುಗದೆ ಹಿಡಿದು ನಿಲ್ಲುವ ಕಸರತ್ತಿನಿಂದ ಶುರು ಮಾಡಬಹುದು. ಗೋಡೆಗೆ ಬೆನ್ನು ಆನಿಸಿ, ಕುರ್ಚಿಯಲ್ಲಿ ಕೂತಂತೆ ಇಳಿದು 45 ಸೆಕೆಂಡ್. ಎರಡು ನಿಮಿಷ ಬಿಡುವು. ಹೀಗೆ ಐದು ಸಲ. ತೊಡೆ ನಡುಗುವಷ್ಟು ಶ್ರಮ ಆಗಬೇಕು. ಎಲ್ಲರಿಗೂ ಇದು ಒಂದೇ ರೀತಿ ಫಲ ಕೊಡುವುದಿಲ್ಲ; ಎರಡು ವಾರದಲ್ಲಿ ಗುಣ ಕಾಣದಿದ್ದರೆ ಬಿಡಿ. ಆಮೇಲೆ ಬೆಂಚ್ ಮೇಲೆ ಕೂತೇಳುವ ಸ್ಕ್ವಾಟ್, ವಾರಗಳು ಕಳೆದಂತೆ ತಗ್ಗಿನ ಬೆಂಚ್. ಮಂಡಿ ಕಾಲ್ಬೆರಳು ದಾಟಬಾರದು ಎಂಬ ಮಾತನ್ನು ವೇದವಾಕ್ಯ ಮಾಡಿಕೊಳ್ಳಬೇಡಿ: ಮಂಡಿಯನ್ನು ಬಲವಂತವಾಗಿ ತಡೆದರೆ ಆ ಹೊರೆ ಸೊಂಟ, ಚಪ್ಪೆಯ ಕಡೆಗೆ ಹೋಗುತ್ತದೆ.

ಭುಜ ನೋವಿನವರು ಕುತ್ತಿಗೆ ಹಿಂದಕ್ಕೆ ರಾಡ್ ಇಳಿಸುವುದನ್ನು ನಿಲ್ಲಿಸಿ. ಬೆಂಚ್ ಪ್ರೆಸ್ ನೋಯುತ್ತಿದ್ದರೆ ಅಂಗೈಗಳು ಎದುರುಬದುರಾಗಿರುವಂತೆ ಡಂಬೆಲ್ ಹಿಡಿದು, ನೆಲದ ಮೇಲೆ ಮಲಗಿ ಒತ್ತಿ. ಮೊಣಕೈಗೆ ನೆಲ ತಾಕಿ ಆಳ ತಾನಾಗಿ ಮಿತವಾಗುತ್ತದೆ. ತಳ್ಳುವ ಒಂದು ಸೆಟ್ಟಿಗೆ ಎಳೆಯುವ ಎರಡು ಸೆಟ್ ಇರಲಿ. ಒಂದು ಕೈಗೆ ಪೂರ್ತಿ ವಿಶ್ರಾಂತಿ ಹೇಳಿದ್ದರೆ ಇನ್ನೊಂದು ಕೈಗೆ ಕೆಲಸ ಕೊಡಿ. ಒಂದು ಬದಿಯನ್ನು ಪಳಗಿಸಿದರೆ ಇನ್ನೊಂದು ಬದಿಯ ಬಲವೂ ಸ್ವಲ್ಪ ಹೆಚ್ಚುತ್ತದೆ ಎಂಬುದು 1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಿಂದಲೂ ತಿಳಿದ ಸಂಗತಿ.

ಮಾತ್ರೆ ಮತ್ತು ನಿದ್ದೆ

ಜಿಮ್‌ಗೆ ಮುಂಚೆ ಪೇನ್ ಕಿಲ್ಲರ್ ನುಂಗಿದರೆ ಅಂಕದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಿಂಗಳುಗಟ್ಟಲೆ ತಿಂದರೆ ಜಠರದಲ್ಲಿ ಹುಣ್ಣಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ವೈದ್ಯರು ಬರೆದುಕೊಟ್ಟಿದ್ದರೆ ಬರೆದಷ್ಟೇ ದಿನ.

ನಿದ್ದೆಗೆಟ್ಟರೆ ಅದೇ ತೂಕ ಹೆಚ್ಚು ನೋಯುತ್ತದೆ. ರಾತ್ರಿ ಪಾಳಿ ಮಾಡಿ ಬಂದ ದಿನ, ಮನೆಯಲ್ಲಿ ಕಾಯಿಲೆ ಕಸಾಲೆ ಇದ್ದು ಕಣ್ಣು ಮುಚ್ಚದ ದಿನ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಿ. ಜಿಮ್ ತಪ್ಪಿಸುವುದಕ್ಕಿಂತ ಅದು ಮೇಲು.

ಇಷ್ಟೆಲ್ಲ ಮಾಡಿ ಎಂಟು ವಾರ ಕಳೆದರೂ ನೋಟ್‌ಬುಕ್ಕಿನ ಬೆಳಗಿನ ಅಂಕ ಇಳಿಯದಿದ್ದರೆ, ತೂಕವೂ ಏರದಿದ್ದರೆ ಫಿಸಿಯೊಥೆರಪಿಸ್ಟ್ ಬಳಿ ಹೋಗಿ. ಮೇಜಿನ ಮೇಲೆ ಮಲಗಿಸಿ ಯಂತ್ರ ಹಚ್ಚಿ ಕಳಿಸುವವರಿಗಿಂತ ‘ಎಲ್ಲಿ, ಬಗ್ಗಿ ತೋರಿಸಿ, ಎತ್ತಿ ತೋರಿಸಿ’ ಎನ್ನುವವರನ್ನು ಹುಡುಕಿ. ನೋಟ್‌ಬುಕ್ ಜೊತೆಗಿರಲಿ; ನಿಮ್ಮ ಡೆಡ್‌ಲಿಫ್ಟನ್ನೋ ಸ್ಕ್ವಾಟನ್ನೋ ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಂಡು ಅದನ್ನೂ ತೋರಿಸಿ.