ಎರಡು ದೇಶದ ಪೈನ್ ಕಟಗಿ, ಒಂದು ಗ್ರಾಫ್



ರಜೆಗೆ ಮಟಮಾರಿಗೆ ಹೋದಾಗ ಬಡಗಿ ಕೆಲಸ ಮಾಡೋ ನಮ್ಮ ಕಾಕಾ ಕೇಳಿದರು: "ತಮ್ಮಾ, ರಾಯಚೂರಿನ ಅಂಗಡ್ಯಾಗ ನ್ಯೂಜಿಲೆಂಡ್ ಪೈನೂ ಅದ, ಕೆನಡಾ ಹಲಗಿನೂ ಅದ. ಯಾವುದು ಕಾಯಂ ಸಿಗ್ತದ ನೋಡಿ ಹೇಳು. ಅದನ್ನ ನೆಚ್ಚಿ ಕೆಲಸ ಹಿಡೀತೀನಿ." ನಾನು ಮೊಬೈಲ್‌ನಲ್ಲಿ ಆಮದಿನ ಅಂಕಿ ತೆಗೆದು ಎರಡು ಗೆರೆ ಎಳೆದೆ. ಯಾವ ಗೆರೆ ಮೇಲಿದೆಯೋ ಅದೇ ಉತ್ತರ ಅಂತ ಹೇಳಿಬಿಡೋನಿದ್ದೆ. ಹೇಳಿದ್ದರೆ ಕಾಕಾ ಅವರ ದುಡ್ಡು ತಪ್ಪು ಲೆಕ್ಕದ ಮೇಲೆ ಕೂರುತ್ತಿತ್ತು.

ಮೊದಲು ಒಂದು ಮಾತು. ಮೆದುಮರ ಅಂದರೆ ಕೈಗೆ ಮೆತ್ತಗಿರುವ ಮರ ಅಲ್ಲ. ಪೈನ್, ಸ್ಪ್ರೂಸ್‌ನಂತಹ ಸೂಜಿ ಎಲೆಯ ಮರಗಳು ಮೆದುಮರ. ಬೇವು, ಸಾಗವಾನಿ ಗಡಸುಮರ. ಬೆಂಡಿನಷ್ಟು ಹಗುರವಾದ ಬಾಲ್ಸಾ ಕೂಡ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಡಸುಮರವೇ!

ಈಗ ಹೋಲಿಕೆಗೆ ಬರೋಣ. ಮೂರು ಪ್ರಶ್ನೆ ಕೇಳಬೇಕು.

1. ಎಣಿಸುತ್ತಿರುವುದು ಒಂದೇ ವಸ್ತುವೇ?
ನ್ಯೂಜಿಲೆಂಡ್‌ನಿಂದ ಮುಖ್ಯವಾಗಿ ಬರುವುದು ಇಡೀ ದಿಮ್ಮಿ. ಅದು ಹೆಚ್ಚಾಗಿ ಗುಜರಾತಿನ ಕಾಂಡ್ಲಾ ಬಂದರಿನಲ್ಲಿ ಇಳಿದು, ಗಾಂಧಿಧಾಮದ ಸಾಮಿಲ್‌ಗಳಲ್ಲಿ ಹಲಗೆಯಾಗುತ್ತದೆ. ಕೆನಡಾದಿಂದ ಬರುವುದು ಹೆಚ್ಚಾಗಿ ಕೊಯ್ದ ಹಲಗೆ. ಕಸ್ಟಮ್ಸ್ ಪಟ್ಟಿಯಲ್ಲಿ ದಿಮ್ಮಿಗೆ 4403, ಕೊಯ್ದದ್ದಕ್ಕೆ 4407. ದಿಮ್ಮಿ ಕೊಯ್ದರೆ ಸುಮಾರು ಅರ್ಧ ಮಾತ್ರ ಹಲಗೆ. ಉಳಿದದ್ದು ಹೊಟ್ಟು, ಚಕ್ಕೆ. ಉದಾಹರಣೆಗೆ 100 ಘನ ಮೀಟರ್ ದಿಮ್ಮಿ, 60 ಘನ ಮೀಟರ್ ಹಲಗೆ ಅಂತಿಟ್ಟುಕೊಳ್ಳಿ. ಗ್ರಾಫಿನಲ್ಲಿ ದಿಮ್ಮಿ ಮೇಲೆ. ಬಡಗಿಯ ಕೈಗೆ ಬರುವ ಲೆಕ್ಕದಲ್ಲಿ 50ಕ್ಕೆ 60, ಅಂದರೆ ಹಲಗೆ ಮೇಲೆ!

2. ಅಳತೆ ಯಾವುದು, ದುಡ್ಡೋ ಗಾತ್ರವೋ?
2010ರಲ್ಲಿ ಡಾಲರ್‌ಗೆ ಸುಮಾರು 46 ರೂಪಾಯಿ ಇತ್ತು, 2023ರಲ್ಲಿ 82ರ ಮೇಲೆ. ಒಂದು ಲಕ್ಷ ಡಾಲರ್ ಮೌಲ್ಯದ ಅದೇ ಮರ 2010ರಲ್ಲಿ 46 ಲಕ್ಷ, 2023ರಲ್ಲಿ 82 ಲಕ್ಷ ರೂಪಾಯಿ. ಒಂದು ಹಲಗೆಯೂ ಜಾಸ್ತಿ ಬರದೇ ಶೇ. 78ರಷ್ಟು "ಏರಿಕೆ"! ಹಾಗಾಗಿ ಘನ ಮೀಟರ್‌ನಲ್ಲೇ ನೋಡಿ. ವರ್ಷವೂ ಒಂದೇ ಇರಲಿ: ನಮ್ಮ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಹೊರಗಿನವರದು ಜನವರಿಯಿಂದ ಡಿಸೆಂಬರ್ ಇರಬಹುದು.

3. ಗೆರೆ ಬಿದ್ದದ್ದು ಯಾಕೆ?
ದಿಮ್ಮಿಯ ಜೊತೆ ಹುಳ ಬರಬಾರದು ಅಂತ ಹೊಗೆ ಹಾಯಿಸುತ್ತಾರೆ. ಅದಕ್ಕೆ ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಓಝೋನ್ ಪದರಕ್ಕೆ ಹಾನಿಕರ. 2023ರ ಜನವರಿಯಿಂದ ನ್ಯೂಜಿಲೆಂಡ್‌ನಲ್ಲಿ ಹಡಗಿನ ಒಡಲೊಳಗೆ ಅದನ್ನು ಬಳಸುವಂತಿಲ್ಲ. ಇಂಥ ನಿಯಮ ಬಂದ ವರ್ಷ ಗೆರೆ ಕುಸಿದರೆ ನಮ್ಮೋರಿಗೆ ಪೈನ್ ಬೇಡವಾಯ್ತು ಅಂತ ಅರ್ಥ ಅಲ್ಲ. ಗ್ರಾಫಿನ ಮೇಲೆ ಆ ತಾರೀಕು ಗುರುತು ಮಾಡಿಡಬೇಕು.

ಕೊನೆಗೆ ಕಾಕಾಗೆ ಹೇಳಿದ್ದು ಇಷ್ಟು: "ಒಂದೇ ದೇಶದ ಕಟಗಿ ನೆಚ್ಚಿ ವರ್ಷದ ಕೆಲಸ ಹಿಡೀಬ್ಯಾಡ್ರಿ. ದಿಮ್ಮಿ ಬರೋದು ಒಂದು ನಿಯಮದ ಮ್ಯಾಲೆ ನಿಂತದ. ಎರಡೂ ಹಲಗಿಯ ಅಳತಿ ಕೂಡೋ ಹಂಗ ಚೌಕಟ್ಟು ಮಾಡ್ರಿ." ಕಾಕಾ ನಕ್ಕು, "ಇದನ್ನ ಹೇಳಾಕ ಇಷ್ಟೊತ್ತು ಬೇಕಾಯ್ತೇನು?" ಅಂದರು.

ಬೇಕಾಯ್ತು. ಮೊದಲ ಉತ್ತರ ಎರಡೇ ನಿಮಿಷದಲ್ಲಿ ಸಿಕ್ಕಿತ್ತು, ಆದರೆ ಅದು ತಪ್ಪಾಗಿತ್ತು. ನಿಮ್ಮ ಪ್ರಾಜೆಕ್ಟ್‌ನಲ್ಲಿ ಎರಡು ಗೆರೆ ಎಳೆಯುವ ಮುಂಚೆ ಈ ಮೂರು ಪ್ರಶ್ನೆ ಕೇಳಿ ನೋಡಿ.