ಮಗುವಿನೊಡನೆ ಊರು ಬದಲಿಸುವಾಗ: ಮನೆ, ನೀರು, ಶಾಲೆ

ಬೇಸಿಗೆ ರಜೆ ಬಂತೆಂದರೆ ಮನೆ ಬದಲಿಸುವವರ ಕಾಲ ಬಂತೆಂದೇ ಅರ್ಥ. ಸರ್ಕಾರಿ ನೌಕರರಿಗೆ ವರ್ಗಾವಣೆ, ವ್ಯಾಪಾರದವರಿಗೆ ಹೊಸ ಅಂಗಡಿ, ಚಾಲಕರಿಗೆ ಹೊಸ ಮಾಲೀಕ. ಮಗುವಿನ ಪರೀಕ್ಷೆ ಮುಗಿಯಲಿ ಎಂದು ಎಲ್ಲರೂ ಏಪ್ರಿಲ್‌ವರೆಗೆ ಕಾಯುತ್ತಾರೆ. ಜೂನ್ ಮೊದಲ ವಾರದೊಳಗೆ ಮನೆಯೂ ಆಗಬೇಕು, ಶಾಲೆಯೂ ಆಗಬೇಕು. ಆ ಗಡಿಬಿಡಿಯಲ್ಲಿ ನಾವು ಕೇಳುವುದು ಮೂರೇ ಪ್ರಶ್ನೆ: ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಶಾಲೆಯ ಫೀಸು ಎಷ್ಟು. ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಶಾಲೆಯ ಶೌಚಾಲಯದ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದನ್ನು ಮಗು ಕಾಯಿಲೆ ಬಿದ್ದ ಮೇಲೆ ಕೇಳುತ್ತೇವೆ.

ಚಾಮರಾಜನಗರ ಮತ್ತು ಗುಂಡ್ಲುಪೇಟೆಗೆ ಬರುವ, ಅಥವಾ ಈ ಎರಡು ಊರುಗಳ ನಡುವೆಯೇ ಮನೆ ಬದಲಿಸುವ ಹೆತ್ತವರನ್ನು ಮನಸ್ಸಿನಲ್ಲಿಟ್ಟು ಈ ಲೇಖನ ಬರೆಯಲಾಗಿದೆ. ಚಾಮರಾಜನಗರ 1997ರಿಂದ ಜಿಲ್ಲಾ ಕೇಂದ್ರ. ಕಚೇರಿಗಳು, ವೈದ್ಯಕೀಯ ಕಾಲೇಜು, ಮೈಸೂರಿಗೆ ರೈಲು ಎಲ್ಲ ಅಲ್ಲಿವೆ. ಗುಂಡ್ಲುಪೇಟೆಗೆ ರೈಲಿಲ್ಲ, ಆದರೆ ಊಟಿಗೂ ಕೇರಳಕ್ಕೂ ಹೋಗುವ ಹೆದ್ದಾರಿಗಳು ಕೂಡುವುದು ಅಲ್ಲೇ. ಕೆಲಸ ಒಂದು ಊರಲ್ಲಿ, ಸಂಸಾರ ಇನ್ನೊಂದು ಊರಲ್ಲಿ ಇಟ್ಟುಕೊಂಡು ತೆರಕಣಾಂಬಿ ಮಾರ್ಗವಾಗಿ ದಿನವೂ ಬಸ್ಸಿನಲ್ಲಿ ಓಡಾಡುವವರಿದ್ದಾರೆ. ಓಡಾಟ ದೊಡ್ಡವರಿಗೇ ಇರಲಿ. ಮಗುವಿನ ಮನೆ ಮತ್ತು ಶಾಲೆ ಒಂದೇ ಊರಿನಲ್ಲಿರಲಿ. ಇದು ನಮ್ಮ ಮೊದಲ ಸಲಹೆ.

ಈಗ ನೀರಿನ ವಿಚಾರ. ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು.

ಚಾಮರಾಜನಗರ ಪಟ್ಟಣಕ್ಕೆ ಕಾವೇರಿ ನೀರು, ಗುಂಡ್ಲುಪೇಟೆಗೆ ಕಬಿನಿ ನೀರು ಬರುತ್ತದೆ. ಆದರೆ ಎಲ್ಲ ಮನೆಗೂ, ಎಲ್ಲ ದಿನವೂ ನದಿ ನೀರೇ ಬರುತ್ತದೆ ಎಂದುಕೊಳ್ಳಬೇಡಿ. ಹೊಸ ಬಡಾವಣೆಗಳಲ್ಲಿ, ಊರಂಚಿನ ಮನೆಗಳಲ್ಲಿ, ಬೇಸಿಗೆಯಲ್ಲಿ ಬೋರ್‌ವೆಲ್ ನೀರೂ ಸೇರುತ್ತದೆ. ರಾಜ್ಯದಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವ ಜಿಲ್ಲೆಗಳ ಪಟ್ಟಿಯಲ್ಲಿ ಚಾಮರಾಜನಗರವೂ ಇದೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ದೊಡ್ಡವರಿಗಿಂತ ಮಕ್ಕಳಿಗೆ ಇದು ಮುಖ್ಯ. ಯಾಕೆಂದರೆ ಎಂಟು ವರ್ಷದವರೆಗೆ ದವಡೆಯೊಳಗೆ ಶಾಶ್ವತ ಹಲ್ಲುಗಳು ರೂಪುಗೊಳ್ಳುತ್ತಿರುತ್ತವೆ. ಆ ಕಾಲದಲ್ಲಿ ಫ್ಲೋರೈಡ್ ಹೆಚ್ಚಿರುವ ನೀರು ಕುಡಿದರೆ ಮೂಡಿ ಬರುವ ಹಲ್ಲಿನ ಮೇಲೆ ಸೀಮೆಸುಣ್ಣದಂತಹ ಬಿಳಿ ಗೆರೆ, ಮುಂದೆ ಕಂದು ಕಲೆ ಕಾಣುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಅಂದರೆ ಒಂದನೇ ತರಗತಿಯ ಮಗುವಿನೊಡನೆ ನೀವು ಮನೆ ಹುಡುಕುತ್ತಿದ್ದರೆ, ಅದರ ಮುಂದಿನ ಎರಡು ವರ್ಷದ ನೀರನ್ನೂ ಹುಡುಕುತ್ತಿದ್ದೀರಿ.

ಮನೆ ನೋಡಲು ಹೋದಾಗ ಆ ಬೀದಿಯಲ್ಲಿ ಆಡುವ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಮಾತನಾಡಿಸಿ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಮುಂದಿನ ಹಲ್ಲಿನಲ್ಲಿ ಕಲೆ ಕಂಡರೆ ನೀರಿನ ಬಗ್ಗೆ ಅನುಮಾನ ಪಡಲು ಅಷ್ಟು ಸಾಕು. ಮನೆ ಮಾಲೀಕರು “ನೀರು ಚೆನ್ನಾಗಿದೆ” ಎನ್ನುತ್ತಾರೆ. ಸುಳ್ಳಲ್ಲ, ಅವರಿಗೆ ರುಚಿ ಚೆನ್ನಾಗಿರುತ್ತದೆ. ಫ್ಲೋರೈಡಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಅನುಮಾನವಿದ್ದರೆ ಒಂದು ಬಾಟಲಿ ನೀರನ್ನು ಪರೀಕ್ಷೆಗೆ ಕೊಡಿ. ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯವರನ್ನು, ಪಟ್ಟಣದಲ್ಲಿ ನಗರಸಭೆ ಅಥವಾ ಪುರಸಭೆಯ ನೀರು ಸರಬರಾಜು ವಿಭಾಗದವರನ್ನು ಕೇಳಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ನಮ್ಮ ಮನೆಗಳಲ್ಲಿ ಬಹಳ ಇದೆ. ನೀರನ್ನು ಕುದಿಸಿದರೆ ಎಲ್ಲ ದೋಷವೂ ಹೋಗುತ್ತದೆ ಎಂಬುದು. ಕುದಿಸಿದರೆ ವಾಂತಿ ಭೇದಿ ತರುವ ರೋಗಾಣುಗಳು ಸಾಯುತ್ತವೆ, ಅದು ನಿಜ. ನಲ್ಲಿ ನೀರನ್ನು ಮಕ್ಕಳಿಗೆ ಕುದಿಸಿ ಆರಿಸಿಯೇ ಕೊಡಬೇಕು. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಕ್ಯಾಂಡಲ್ ಫಿಲ್ಟರಿನಿಂದಲೂ ಅದು ಹೋಗದು. ನಾಣ್ಯ ಹಾಕಿ ಕ್ಯಾನು ತುಂಬಿಸುವ ಶುದ್ಧ ನೀರಿನ ಘಟಕಗಳಲ್ಲಿರುವ ಆರ್‌ಒ ಯಂತ್ರ ಅದನ್ನು ತೆಗೆಯುತ್ತದೆ, ಯಂತ್ರ ಸರಿಯಾಗಿದ್ದರೆ. ಘಟಕ ಎಷ್ಟು ದೂರ, ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ ಎಂಬುದನ್ನು ಬಾಡಿಗೆ ಮಾತನಾಡುವ ಮೊದಲು ನೋಡಿ. ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಚಹಾಕ್ಕೂ ಅದೇ ನೀರು ಬೇಕು. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ, ಸೋಪಿನ ನೊರೆ ಬಾರದ ಗಡಸು ನೀರು ಬೇರೆ ವಿಷಯ. ಅದರಿಂದ ತೊಂದರೆ ಇದೆ, ಆದರೆ ಅದೇ ದೊಡ್ಡ ರೋಗವಲ್ಲ.

ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಾದರೆ ಡ್ರಮ್ಮು, ತೊಟ್ಟಿ, ಸಂಪು ತುಂಬಿಸಿಡುವುದು ತಪ್ಪದು. ಡೆಂಗಿ ತರುವ ಸೊಳ್ಳೆ ಮೊಟ್ಟೆ ಇಡುವುದು ಚರಂಡಿಯಲ್ಲಲ್ಲ, ಇಂತಹ ತಿಳಿ ನೀರಿನಲ್ಲೇ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ಒಣಗಿಸಲು ಆಗುವಂತಹ ತೊಟ್ಟಿಯೇ, ಸಂಪಿಗೆ ಸಂದಿಲ್ಲದ ಮುಚ್ಚಳ ಇದೆಯೇ ಎಂದು ಬಗ್ಗಿ ನೋಡಿ. ಈ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಹಾಗಾಗಿ ಮಗು ಹಗಲು ಕಳೆಯುವ ಶಾಲೆಯ ತೊಟ್ಟಿಯನ್ನೂ, ಅಕ್ಕಪಕ್ಕದ ಪಂಕ್ಚರ್ ಅಂಗಡಿಯ ಹಳೇ ಟೈರುಗಳನ್ನೂ ಗಮನಿಸಬೇಕು. 2024ರಲ್ಲಿ ನಮ್ಮ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದ್ದು ನಿಮಗೆ ನೆನಪಿರಬಹುದು.

ಇನ್ನು ಬೀದಿ. ನಮ್ಮವರಿಗೆ ಎಲ್ಲ ಬಡಾವಣೆಯಲ್ಲೂ ಬಾಡಿಗೆ ಮನೆ ಸುಲಭವಾಗಿ ಸಿಗುವುದಿಲ್ಲ. ಹೆಸರು ಕೇಳಿದ ಮೇಲೆ “ಮನೆ ಆಗಲೇ ಹೋಯಿತು” ಎನ್ನುವುದನ್ನು ಕೇಳಿದವರು ಓದುಗರಲ್ಲಿ ಹಲವರಿರಬಹುದು. ಜೊತೆಗೆ ಮಸೀದಿ, ಮದ್ರಸ, ನೆಂಟರು ಹತ್ತಿರ ಇರಲಿ ಎಂಬ ಆಸೆಯೂ ಸಹಜ. ಹೀಗಾಗಿ ಆಯ್ಕೆ ಕೆಲವೇ ಬೀದಿಗಳಿಗೆ ಬಂದು ನಿಲ್ಲುತ್ತದೆ. ಆಯ್ಕೆ ಕಡಿಮೆ ಎಂದು ನೋಡುವುದನ್ನೇ ಬಿಡಬೇಡಿ. ಒಂದೇ ಮೊಹಲ್ಲಾದಲ್ಲೂ ಚರಂಡಿ ಹರಿಯುವ ತಲೆಯ ಮನೆಗೂ ಚರಂಡಿ ನಿಲ್ಲುವ ಕೊನೆಯ ಮನೆಗೂ ವ್ಯತ್ಯಾಸ ದೊಡ್ಡದು. ಮಳೆ ಬಂದ ಮರುದಿನ ಹೋಗಿ ನೋಡಿದರೆ ಯಾವುದು ಯಾವ ಮನೆ ಎಂದು ಯಾರನ್ನೂ ಕೇಳಬೇಕಿಲ್ಲ. ಗೋಡೆಯ ಬುಡದಲ್ಲಿ ಮೊಣಕಾಲೆತ್ತರಕ್ಕೆ ತೇವದ ಗುರುತಿದ್ದು, ಮೇಲೆ ಹೊಸ ಸುಣ್ಣ ಬಳಿದಿದ್ದರೆ ಆ ಕೋಣೆಯಲ್ಲಿ ಮಗುವನ್ನು ಮಲಗಿಸಬೇಡಿ. ಉಬ್ಬಸ ಇರುವ ಮಕ್ಕಳಿಗೆ ಬೂಷ್ಟು ಬಹಳ ಕೆಟ್ಟದ್ದು.

ಮಾಂಸದಂಗಡಿ, ಕೋಳಿ ಅಂಗಡಿ ಇರುವ ಬೀದಿಯಾದರೆ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಬೀದಿ ಕೊನೆಯಲ್ಲಿ ಸುರಿಯುವುದಾದರೆ ಅಲ್ಲಿ ನಾಯಿಗಳ ಗುಂಪು ಇದ್ದೇ ಇರುತ್ತದೆ, ಮತ್ತು ಅದೇ ದಾರಿಯಲ್ಲಿ ನಮ್ಮ ಮಕ್ಕಳು ಮುಂಜಾನೆ ಮದ್ರಸಕ್ಕೆ ಹೋಗುತ್ತಾರೆ. ಇದನ್ನು ನಾವೇ ನಮ್ಮ ಅಂಗಡಿಯವರಿಗೆ ಹೇಳದೆ ಬೇರೆ ಯಾರು ಹೇಳಬೇಕು? ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚದೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚುಚ್ಚುಮದ್ದು ಅಲ್ಲಿ ಉಚಿತ.

ಗುಂಡ್ಲುಪೇಟೆಯಲ್ಲಿ ಮನೆ ಹಿಡಿಯುವವರು ಹೆದ್ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಬಂಡೀಪುರ ಕಾಡಿನ ದಾರಿಯಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಗೇಟು ಮುಚ್ಚುವ ಮೊದಲು ದಾಟಬೇಕೆಂದು ಸಂಜೆ ಎಲ್ಲರಿಗೂ ಅವಸರ. ದಾಟಲಾಗದ ಲಾರಿಗಳು ರಸ್ತೆ ಬದಿಯಲ್ಲಿ ತಂಗುತ್ತವೆ. ಹೆದ್ದಾರಿಗೆ ಮುಖ ಮಾಡಿದ ಮನೆಯಲ್ಲಿ ಧೂಳು, ಹೊಗೆ, ಹಾರ್ನು ಎಲ್ಲ ಕಿಟಕಿಯಿಂದಲೇ ಒಳಗೆ. ಒಂದೆರಡು ಬೀದಿ ಒಳಗೆ ಹೋದರೂ ವ್ಯತ್ಯಾಸ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮನೆ ಒಂದು ಬದಿ, ಶಾಲೆ ಇನ್ನೊಂದು ಬದಿ ಆಗದಿರಲಿ. ಎಂಟು ವರ್ಷದ ಮಗುವಿಗೆ ಬರುತ್ತಿರುವ ಲಾರಿಯ ವೇಗವನ್ನು ಸರಿಯಾಗಿ ಅಂದಾಜು ಮಾಡಲು ಬರುವುದಿಲ್ಲ. ಇದು ಬುದ್ಧಿಯ ಕೊರತೆಯಲ್ಲ, ವಯಸ್ಸಿನ ಮಿತಿ. ಚಾಮರಾಜನಗರದಲ್ಲೂ ಸತ್ಯಮಂಗಲಕ್ಕೆ ಹೋಗುವ ರಸ್ತೆಯ ಬದಿಯವರಿಗೆ ಇದೇ ಮಾತು ಅನ್ವಯಿಸುತ್ತದೆ. ಊರ ಹೊರಗೆ ತೋಟದ ಪಕ್ಕದ ಮನೆ ಅಗ್ಗಕ್ಕೆ ಸಿಕ್ಕರೆ, ಟೊಮೆಟೊ, ಸಣ್ಣ ಈರುಳ್ಳಿ, ಚೆಂಡುಹೂವಿಗೆ ಔಷಧ ಹೊಡೆಯುವ ದಿನ ಗಾಳಿ ಯಾವ ಕಡೆ ಬೀಸುತ್ತದೆ ಎಂದು ಪಕ್ಕದವರನ್ನು ಕೇಳಿ.

ಶಾಲೆಯ ವಿಚಾರಕ್ಕೆ ಬರೋಣ. ಶಾಲೆ ನೋಡಲು ಹೋದಾಗ ನಮ್ಮನ್ನು ಕೂರಿಸುವುದು ಮುಖ್ಯ ಶಿಕ್ಷಕರ ಕೋಣೆಯಲ್ಲಿ. ವಿನಯದಿಂದ “ಶೌಚಾಲಯ ಒಮ್ಮೆ ನೋಡಬಹುದೇ?” ಎಂದು ಕೇಳಿ. ಬಾಗಿಲಿಗೆ ಚಿಲಕ, ಒಳಗೆ ನಲ್ಲಿ, ನಲ್ಲಿಯಲ್ಲಿ ನೀರು, ಒಂದು ಮಗ್ಗು, ಹೊರಗೆ ಕೈ ತೊಳೆಯಲು ಸೋಪು. ಇವಿಷ್ಟು ಇದ್ದರೆ ಆ ಶಾಲೆಯನ್ನು ನಡೆಸುವವರು ಮಕ್ಕಳನ್ನು ಗಮನಿಸುತ್ತಾರೆ ಎಂದು ತಿಳಿಯಬಹುದು. ಗಂಡು, ಹೆಣ್ಣು ಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಶುದ್ಧ ಕುಡಿಯುವ ನೀರು ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನೀರಿಲ್ಲದ ಶೌಚಾಲಯ ನಮ್ಮ ಮಕ್ಕಳಿಗೆ ಇಲ್ಲದಂತೆಯೇ. ನೀರಿನಿಂದ ಶುಚಿ ಮಾಡಿಕೊಳ್ಳುವುದನ್ನು ಎರಡು ವರ್ಷದಿಂದ ಕಲಿಸಿರುತ್ತೇವೆ. ಅಂತಹ ಮಗು ಬೆಳಿಗ್ಗೆಯಿಂದ ಸಂಜೆಯವರೆಗೆ ಮೂತ್ರ ತಡೆಹಿಡಿಯುತ್ತದೆ, ತಡೆಹಿಡಿಯಲು ನೀರು ಕುಡಿಯುವುದನ್ನೇ ಬಿಡುತ್ತದೆ. ಹೆಣ್ಣುಮಕ್ಕಳಲ್ಲಿ ಇದರಿಂದ ಮೂತ್ರದ ಸೋಂಕು, ಎಲ್ಲ ಮಕ್ಕಳಲ್ಲೂ ಮಲಬದ್ಧತೆ, ತಲೆನೋವು. ಹೊಸ ಶಾಲೆಗೆ ಸೇರಿದ ತಿಂಗಳಲ್ಲಿ ಮಗು ನೀರಿನ ಬಾಟಲಿಯನ್ನು ತುಂಬಿದ್ದಂತೆಯೇ ಮನೆಗೆ ತಂದರೆ ಗದರಿಸುವ ಮೊದಲು ಶೌಚಾಲಯದ ಬಗ್ಗೆ ಕೇಳಿ.

ಬಿಸಿಯೂಟದ ಹೊತ್ತಿಗೆ ಇನ್ನೊಮ್ಮೆ ಹೋಗಿ ನೋಡುವುದು ಒಳ್ಳೆಯದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಊಟ, 2013ರಿಂದ ಹಾಲು, ಈಚೆಗೆ ಮೊಟ್ಟೆ ಇವೆ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಫೀಸು ಕೊಟ್ಟು ಸೇರಿಸಿದ ಶಾಲೆಯಲ್ಲಿ ಮಗು ತಣ್ಣಗಾದ ಡಬ್ಬಿ ತಿನ್ನುತ್ತಿರುವಾಗ, ಪಕ್ಕದ ಸರ್ಕಾರಿ ಶಾಲೆಯ ಮಗು ಬಿಸಿ ಅನ್ನ ಸಾಂಬಾರು, ಮೊಟ್ಟೆ ತಿನ್ನುತ್ತಿರುತ್ತದೆ. ಪೌಷ್ಟಿಕತೆಯ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ. ಅಡುಗೆ ಕೋಣೆ ಶುಚಿಯಾಗಿದೆಯೇ, ಎಲ್ಲ ಮಕ್ಕಳೂ ಒಟ್ಟಿಗೆ ಕೂತು ಉಣ್ಣುತ್ತಾರೆಯೇ ನೋಡಿ. ತಟ್ಟೆಗಳು ಬೇರೆ ಬೇರೆ ಸಾಲಾಗಿರುವ ಶಾಲೆ ಬೇಡ.

ಮಾಧ್ಯಮದ ಪ್ರಶ್ನೆಯನ್ನು ಇಲ್ಲಿ ಪೂರ್ತಿ ಚರ್ಚಿಸಲಾಗದು. ಮನೆಯಲ್ಲಿ ಉರ್ದು ಮಾತನಾಡುವ ಮಗುವಿಗೆ ಉರ್ದು ಶಾಲೆಯಲ್ಲಿ ಅಕ್ಷರ ಬೇಗ ಹತ್ತುತ್ತದೆ. ಆದರೆ ಹೊಸ ಊರಿನಲ್ಲಿ ಉರ್ದು ಶಾಲೆ ಎಷ್ಟನೇ ತರಗತಿವರೆಗೆ ಇದೆ, ಆಮೇಲೆ ಎಲ್ಲಿಗೆ ಎಂದು ಮೊದಲೇ ಕೇಳಿ. ಮಾಧ್ಯಮ ಬದಲಿಸಿದ ಮಗು ಕೆಲವು ವಾರ ಮೌನವಾಗಿರುವುದು ಸಾಮಾನ್ಯ. ಹೊಟ್ಟೆನೋವು ಎಂದು ಬೆಳಿಗ್ಗೆ ಅಳುವುದೂ ಉಂಟು, ಭಾನುವಾರ ಮಾತ್ರ ಆ ನೋವು ಇರುವುದಿಲ್ಲ. ಅದನ್ನು ನಾಟಕ ಎನ್ನಬೇಡಿ. ಹೆದರಿದ ಮಗುವಿನ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ಒಂದು ತಿಂಗಳಾದರೂ ಹಾಗೆಯೇ ಇದ್ದರೆ, ತೂಕ ಇಳಿದರೆ ವೈದ್ಯರಿಗೂ ಶಿಕ್ಷಕರಿಗೂ ತಿಳಿಸಿ.

ಮದ್ರಸದ ಹೊತ್ತನ್ನೂ ಶಾಲೆಯ ಹೊತ್ತನ್ನೂ ಕೂಡಿಸಿ ನೋಡುವವರು ಕಡಿಮೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ ಒಂಬತ್ತರಿಂದ ಹನ್ನೆರಡು ಗಂಟೆ ನಿದ್ದೆ ಬೇಕು. ಬೆಳಿಗ್ಗೆ ಆರಕ್ಕೆ ಎದ್ದು ಮದ್ರಸಕ್ಕೆ ಹೋಗುವ ಮಗು ರಾತ್ರಿ ಒಂಬತ್ತಕ್ಕಾದರೂ ಮಲಗಿರಬೇಕು. ಮದ್ರಸ ಬಿಟ್ಟು ಶಾಲೆ ಶುರುವಾಗುವ ನಡುವೆ ಮನೆಗೆ ಬಂದು ತಿಂಡಿ ತಿನ್ನುವಷ್ಟು ಸಮಯ ಇರಬೇಕು. ಶಾಲೆಯ ವ್ಯಾನು ಏಳೂವರೆಗೇ ಬರುತ್ತದೆ ಎಂದಾದರೆ ಮಗು ಬರೀ ಚಹಾ ಬಿಸ್ಕತ್ತಿನಲ್ಲಿ ಮಧ್ಯಾಹ್ನದವರೆಗೆ ಕೂತಿರುತ್ತದೆ. ಮದ್ರಸವನ್ನು ಸಂಜೆಗೆ ಬದಲಿಸಿಕೊಳ್ಳಿ, ಇಲ್ಲವೇ ನಡೆದು ಹೋಗುವ ದೂರದ ಶಾಲೆ ಆರಿಸಿ. ನಡೆಯುವಾಗ ಚೀಲದ ಭಾರವೂ ನೆನಪಿರಲಿ: 2019ರ ಸರ್ಕಾರಿ ಆದೇಶದಂತೆ ಒಂದು, ಎರಡನೇ ತರಗತಿಗೆ 2 ಕಿಲೋ, ಮೂರರಿಂದ ಐದಕ್ಕೆ 3 ಕಿಲೋ ಮೀರಬಾರದು.

ಕಾಗದಪತ್ರಗಳ ಬಗ್ಗೆ ಸ್ವಲ್ಪ. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಮಗುವನ್ನು ಹೊರಗಿಡುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮು ಹಾಗೆ ಹೇಳುತ್ತದೆ. ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಆದ್ದರಿಂದ ಅಂತಹ ಶಾಲೆಗೆ ಸೇರಿಸುವವರು ಪತ್ರವನ್ನು ಮೊದಲೇ ಕೈಗೆ ತೆಗೆದುಕೊಳ್ಳಿ. ಮಗುವಿನ ಸ್ಯಾಟ್ಸ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಒಂದನೇ ತರಗತಿಗೆ ಸೇರಿಸುವವರು ಜೂನ್ 1ಕ್ಕೆ ಮಗುವಿಗೆ ಆರು ತುಂಬಿದೆಯೇ ನೋಡಿ, ಸಂಶಯವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಶಾಲೆಯ ಪತ್ರಗಳನ್ನು ಜೋಪಾನ ಮಾಡುವ ನಾವು ತಾಯಿ ಕಾರ್ಡನ್ನು ಹಳೇ ಮನೆಯ ಅಟ್ಟದಲ್ಲೇ ಬಿಟ್ಟು ಬರುತ್ತೇವೆ. ಮಗುವಿಗೆ ಹಾಕಿಸಿದ ಲಸಿಕೆಗಳ ಲೆಕ್ಕ ಅದರಲ್ಲಿದೆ. ಐದು ಆರು ವರ್ಷಕ್ಕೆ ಡಿಪಿಟಿಯ ಎರಡನೇ ಬೂಸ್ಟರ್, ಹತ್ತು ವರ್ಷಕ್ಕೆ ಟಿಡಿ ಲಸಿಕೆ ಹಾಕಿಸಬೇಕು. ಊರು ಬದಲಿಸಿದ ವರ್ಷ ತಪ್ಪಿ ಹೋಗುವುದು ಇವೇ. ಹೊಸ ಬೀದಿಗೆ ಬಂದ ವಾರದಲ್ಲೇ ಅಲ್ಲಿನ ಆಶಾ ಕಾರ್ಯಕರ್ತೆ ಯಾರೆಂದು ಕೇಳಿ ಕಾರ್ಡು ತೋರಿಸಿ. ಆರು ವರ್ಷದೊಳಗಿನ ತಮ್ಮ ತಂಗಿ ಇದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ. ವರ್ಷಕ್ಕೆರಡು ಬಾರಿ, ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ, ಶಾಲೆ ಮತ್ತು ಅಂಗನವಾಡಿಗಳಲ್ಲಿ ಜಂತುಹುಳದ ಮಾತ್ರೆ ಕೊಡುತ್ತಾರೆ. ಜೂನ್‌ನಲ್ಲಿ ಸೇರಿದ ಮಗುವಿಗೆ ಆಗಸ್ಟಿನದು ತಪ್ಪದಂತೆ ಹಾಜರಿ ಪುಸ್ತಕದಲ್ಲಿ ಹೆಸರು ಬಂದಿದೆಯೇ ಎಂದು ತರಗತಿ ಶಿಕ್ಷಕರನ್ನು ಒಮ್ಮೆ ಕೇಳಿಬಿಡಿ.